ಫೋಟೊ ಕಳಸ್ತೀರೇನ್ರಿ?

ಐಹೊಳೆಯ ಮೇಗುತಿ ಗುಡ್ಡ ಹತ್ತುವವರು ಹೆಚ್ಚಾಗಿ ರವಿಕೀರ್ತಿಯ ಶಾಸನ ನೋಡಲು ಹೋಗುತ್ತಾರೆ. ಕ್ರಿ.ಶ. 634ರ ಆ ಶಾಸನವಿರುವ ಜೈನ ಬಸದಿ ಗುಡ್ಡದ ನೆತ್ತಿಯ ಮೇಲಿದೆ. ಅದಕ್ಕಿಂತ ಸ್ವಲ್ಪ ಕೆಳಗೆ, ಬಂಡೆಗೆ ಬೆನ್ನು ಕೊಟ್ಟು ಎರಡು ಅಂತಸ್ತಿನ ಕಟ್ಟಡವೊಂದು ನಿಂತಿದೆ. ಅರ್ಧ ಕಟ್ಟಿದ್ದು, ಅರ್ಧ ಕೊರೆದದ್ದು. ಮೇಲಂತಸ್ತಿನಲ್ಲಿ ಕತ್ತೆತ್ತಿ ನೋಡಿದರೆ ಚಾವಣಿಯಲ್ಲಿ ಛತ್ರದ ಕೆಳಗೆ ಕುಳಿತ ಬುದ್ಧ ಕಾಣುತ್ತಾನೆ. ಚಾಲುಕ್ಯರ ಸೀಮೆಯಲ್ಲಿ ಬೌದ್ಧರಿಗೂ ಜಾಗವಿತ್ತು ಎಂಬುದಕ್ಕೆ ಇದು ಸಾಕ್ಷಿ.

ಕ್ಯಾಮೆರಾ ಹಿಡಿದವರಿಗೆ ಇಷ್ಟು ಅನುಕೂಲದ ಬೌದ್ಧ ಗುಡಿ ಇನ್ನೊಂದಿಲ್ಲ. ಇಲ್ಲಿ ಪೂಜೆ ಇಲ್ಲ, ಭಿಕ್ಷುಗಳಿಲ್ಲ. ಅವರು ಹೋಗಿ ಎಷ್ಟೋ ಶತಮಾನಗಳಾದವು. ಬಿಸಿಲು-ನೆರಳು ನೋಡಿಕೊಂಡರೆ ಸಾಕು, ಕಲ್ಲು ಯಾವತ್ತೂ ಬೇಡ ಎನ್ನುವುದಿಲ್ಲ.

ಆದರೆ ಗುಡ್ಡ ಇಳಿದು ಊರೊಳಗೆ ಬಂದರೆ ಅಲ್ಲಿ ಜನ ಇದ್ದಾರೆ. ಗುಡಿಗಳ ಪಕ್ಕದಲ್ಲೇ ಮನೆ, ಮನೆಯ ಮುಂದೆ ಎಮ್ಮೆ, ಗೋಡೆಯ ಮೇಲೆ ಕುಳ್ಳು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ಹಿಂದೊಮ್ಮೆ ವಾಸವಿದ್ದವನಿಂದ. ಚಿತ್ರ ತೆಗೆಯಲು ಬಂದವರಿಗೆ ಇದೆಲ್ಲ ಅಡ್ಡಿ. ‘ಅಮ್ಮಾ, ಸ್ವಲ್ಪ ಸರೀರಿ’ ಎಂದು ಜನರನ್ನು ಪಕ್ಕಕ್ಕೆ ಕಳಿಸಿ ಕಲ್ಲನ್ನಷ್ಟೇ ಒಯ್ಯುತ್ತಾರೆ.

ಈ ರೂಢಿ ಹಳೆಯದು. 1850ರ ದಶಕದಲ್ಲಿ ಬ್ರಿಟಿಷ್ ಸೇನಾಧಿಕಾರಿ ಬಿಗ್ಸ್, ವೈದ್ಯರಾದ ಪಿಗೂ ಮತ್ತು ನೀಲ್ ನಮ್ಮ ಭಾಗದ ಗುಡಿಗಳ ಚಿತ್ರ ತೆಗೆದರು. ಅವು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಗಿ ಅಚ್ಚಾದವು. ಅವರ ಶ್ರಮ ಸಣ್ಣದಲ್ಲ. ಈಗ ಮುಕ್ಕಾಗಿರುವ ಎಷ್ಟೋ ಕೆತ್ತನೆ ಹಿಂದೆ ಹೇಗಿತ್ತೆಂದು ತಿಳಿಯಲು ಇಂಥ ಚಿತ್ರಗಳೇ ಬೇಕು. ಆದರೆ ಆ ಕಾಲದ ಪುರಾತತ್ವದ ಫೋಟೊಗಳಲ್ಲಿ ಊರವನನ್ನು ನಿಲ್ಲಿಸುತ್ತಿದ್ದುದು ಕಂಬದ ಎತ್ತರ ತಿಳಿಯಲಿ ಎಂದು. ಅವನು ಅಳತೆಗೋಲು. ಅಳತೆಗೋಲಿಗೆ ಹೆಸರೇಕೆ?

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಜನ ಫೋಟೊಕ್ಕೆ ನಿಂತೇ ಇದ್ದಾರೆ. ಬನಶಂಕರಿ ಜಾತ್ರೆಯಲ್ಲಿ ನಿಂತಿದ್ದಾರೆ, ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತಿದ್ದಾರೆ. ಕ್ಯಾಮೆರಾ ಕೆಳಗಿಳಿದ ಕೂಡಲೇ ಅವರು ಕೇಳುವ ಪ್ರಶ್ನೆ ಒಂದೇ: ‘ಫೋಟೊ ಕಳಸ್ತೀರೇನ್ರಿ?’ ಬಂದವರು ‘ಖಂಡಿತಾ’ ಎನ್ನುತ್ತಾರೆ. ವಿಳಾಸವನ್ನೂ ಬರೆದುಕೊಳ್ಳುತ್ತಾರೆ. ಫೋಟೊ ಬಂದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಕಲ್ಲಿನ ಚಿತ್ರದಿಂದ ಜನರನ್ನು ಹೀಗೆ ಸರಿಸುತ್ತ ಹೋದರೆ, ಊರಿನಿಂದಲೂ ಅವರನ್ನು ಸರಿಸಿದರೆ ತಪ್ಪೇನು ಎಂಬ ಭಾವನೆ ಬೆಳೆಯುತ್ತದೆ. ಐಹೊಳೆಯ ಮನೆಗಳ ಸ್ಥಳಾಂತರದ ಮಾತು ದಶಕಗಳಿಂದ ಕೇಳುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಅನುಭವ ಇರುವ ನಾವು, ಕ್ಯಾಮೆರಾ ನಮ್ಮ ಕೈಗೆ ಬಂದಾಗ ಹೇಗಿರುತ್ತೇವೆ? ಅದನ್ನು ನೋಡಬೇಕಾದರೆ ಜೀವಂತ ಬೌದ್ಧ ಗುಡಿಗೆ ಹೋಗಬೇಕು. ದೂರವೇನಿಲ್ಲ. ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮುಂಡಗೋಡಕ್ಕೆ ಇನ್ನೊಂದು. ಅಲ್ಲಿ 1966ರಲ್ಲಿ ಟಿಬೆಟ್ ನಿರಾಶ್ರಿತರ ವಸಾಹತು ಆರಂಭವಾದಾಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಆಗ ವಿಧಾನಸಭೆಯಲ್ಲಿ ಅವರು ಬಾಗಲಕೋಟೆಯ ಪ್ರತಿನಿಧಿ. ಲ್ಹಾಸಾದ ಹತ್ತಿರವಿದ್ದ ದ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಊರವರ ಬಾಯಲ್ಲಿ ಅದು ‘ಲಾಮಾ ಕ್ಯಾಂಪ್’.

ರಜೆ ಬಂತೆಂದರೆ ನಮ್ಮ ಕಡೆಯ ಗಾಡಿಗಳೂ ಅಲ್ಲಿ ನಿಲ್ಲುತ್ತವೆ. ಇಳಿದವರ ಕೈಯಲ್ಲಿ ಮೊಬೈಲು. ಕೆಂಪು ನಿಲುವಂಗಿಯ ಪುಟ್ಟ ಹುಡುಗ ಕಂಡರೆ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ. ಪ್ರಾರ್ಥನೆ ನಡೆಯುತ್ತಿದ್ದರೆ ಸಾಲುಗಳ ನಡುವೆಯೇ ನುಗ್ಗಿ ವಿಡಿಯೊ. ಹುಡುಗನನ್ನು ‘ಫೋಟೊ ತೆಗೀಲೇನಪಾ?’ ಎಂದು ಕೇಳಿದವರು ಕಡಿಮೆ. ‘ಕಳಸ್ತೀನಿ’ ಎಂದವರು ಇನ್ನೂ ಕಡಿಮೆ. ನಮ್ಮನ್ನು ಅಳತೆಗೋಲು ಮಾಡಿದವರ ಜಾಗದಲ್ಲಿ ಈಗ ನಾವು ನಿಂತಿದ್ದೇವೆ.

ಅವಸರದ ಚಿತ್ರ ಸುಳ್ಳನ್ನೂ ಹೇಳುತ್ತದೆ. ವಿಹಾರದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಿ. ಒಬ್ಬ ನೆಲದ ಮೇಲೆ ಕುಳಿತಿರುತ್ತಾನೆ. ಎದುರಿಗೆ ನಿಂತವನು ಪ್ರಶ್ನೆ ಹಾಕಿ, ಕಾಲು ಅಪ್ಪಳಿಸಿ, ಅವನ ಮುಖದ ಮುಂದೆ ಚಪ್ಪಾಳೆ ಹೊಡೆಯುತ್ತಾನೆ. ಆ ಒಂದು ಕ್ಷಣ ಹಿಡಿದರೆ ಥೇಟು ಜಗಳ. ನಿಜದಲ್ಲಿ ಅದು ತರ್ಕಶಾಸ್ತ್ರದ ಪಾಠ. ಕುಳಿತವನು ಉತ್ತರ ಕೊಡಬೇಕು, ನಿಂತವನು ಅದರ ದೋಷ ಹುಡುಕಬೇಕು. ಹೀಗೆ ಹದಿನೈದು-ಇಪ್ಪತ್ತು ವರ್ಷ ಓದಿ, ವಾದಿಸಿ ‘ಗೆಶೆ’ ಎಂಬ ಪದವಿ ಪಡೆಯಬೇಕು. ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದವನಿಗೆ ಆ ಜಗಳದ ನಡುವೆ ನಗುವೂ ಕಾಣುತ್ತದೆ. ತೆಗೆಯಬೇಕಾದ ಚಿತ್ರ ಅದು.

ಹೊರಗಿನವರು ಪಾಲಿಸಬೇಕಾದ ಮರ್ಯಾದೆ ಕಷ್ಟದ್ದಲ್ಲ. ಚಪ್ಪಲಿ ಹೊರಗೆ, ಪ್ರದಕ್ಷಿಣೆ ಬಲಕ್ಕೆ. ಪ್ರಾರ್ಥನೆ ನಡೆದಿದ್ದರೆ ಮೊದಲು ಕೇಳಬೇಕು. ಬೇಡ ಎಂದರೆ ಬೇಡ. ಫ್ಲ್ಯಾಶ್ ಹಾಕಬಾರದು, ಓದುವವರ ಗಮನ ಕೆಡುತ್ತದೆ, ಬಟ್ಟೆಯ ಮೇಲಿನ ಹಳೆಯ ಥಂಕಾ ಚಿತ್ರಗಳ ಬಣ್ಣಕ್ಕೂ ಒಳ್ಳೆಯದಲ್ಲ. ನಮ್ಮ ಮನೆಯ ದೇವರ ಕೋಣೆಗೆ ಯಾರೋ ಬಂದು ಹೀಗೆಲ್ಲ ಮಾಡಿದರೆ ನಮಗೆ ಏನನ್ನಿಸುತ್ತದೋ, ಅವರಿಗೂ ಅದೇ.

ಇನ್ನೊಂದು ಮಾತು. ಫೋಟೊ ಎಂದರೆ ಆ ಜನರಿಗೆ ಸಣ್ಣ ವಸ್ತುವಲ್ಲ. ಅಲ್ಲಿನ ಪ್ರಾರ್ಥನಾ ಮಂದಿರಗಳಲ್ಲಿ ಎತ್ತರದ ಪೀಠದ ಮೇಲೆ ದಲೈ ಲಾಮಾ ಅವರ ಭಾವಚಿತ್ರವಿರುತ್ತದೆ. ಬಂದವರು ಅದಕ್ಕೆ ತಲೆಬಾಗುತ್ತಾರೆ. ಅದೇ ಚಿತ್ರವನ್ನು ಟಿಬೆಟಿನ ವಿಹಾರಗಳಲ್ಲಿ ಇಡದಂತೆ ಚೀನಾ ಸರ್ಕಾರ 1990ರ ದಶಕದ ಮಧ್ಯದಲ್ಲಿ ನಿರ್ಬಂಧ ಹಾಕಿತು. ಒಂದು ಮುಖದ ಚಿತ್ರವನ್ನು ಗೋಡೆಗೆ ಹಾಕಲೂ ಹೆದರಬೇಕಾದ ನಾಡಿನಿಂದ ಬಂದವರ ಮುಖವನ್ನು ಕೇಳದೆ ತೆಗೆದು ಊರಿಗೆಲ್ಲ ಹಂಚುವುದು ಬರೀ ಅಸಭ್ಯತೆಯಲ್ಲ. ಆ ಮುಖದ ನಂಟರು ಇನ್ನೂ ಅಲ್ಲೇ ಇರಬಹುದು.

ಹಿಂದೆ ಚಿತ್ರ ಕಳಿಸುವುದೆಂದರೆ ರೀಲು ತೊಳೆಸಬೇಕು, ಪ್ರಿಂಟು ಹಾಕಿಸಬೇಕು, ಅಂಚೆಗೆ ಹಚ್ಚಬೇಕು. ಈಗ ನಂಬರು ಕೇಳಿ ನಿಂತಲ್ಲೇ ಕಳಿಸಬಹುದು, ಒಂದು ಪೈಸೆ ಖರ್ಚಿಲ್ಲ. ಐಹೊಳೆಯ ಅಜ್ಜಿಗಾಗಲಿ, ಮುಂಡಗೋಡದ ಹುಡುಗನಿಗಾಗಲಿ, ಅವರ ಚಿತ್ರ ಮೊದಲು ತಲುಪಬೇಕಾದದ್ದು ಅವರಿಗೇ. ನಮ್ಮ ಜನ ಇಷ್ಟು ವರ್ಷ ಕೇಳುತ್ತಾ ಬಂದದ್ದು ಅಷ್ಟನ್ನೇ. ಕ್ಯಾಮೆರಾ ನಮ್ಮ ಕೈಯಲ್ಲಿದ್ದಾಗ, ಅವರು ಕೇಳುವ ಮೊದಲೇ ಕಳಿಸುವುದು ಚಂದ.