ಐದು ನಿಮಿಷದ ಚಾರ್ಜು ಮತ್ತು ಕಣಿವೆಯ ಲೆಕ್ಕ

ವಿದ್ಯುತ್ ಕಾರಿನ ವಿಷಯದಲ್ಲಿ ಜನರು ಹೇಳುತ್ತ ಬಂದಿರುವ ದೊಡ್ಡ ದೂರೆಂದರೆ ಚಾರ್ಜಿಗೆ ಹಿಡಿಯುವ ಹೊತ್ತು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿ ಹೊತ್ತು, ಸುಮಾರು ಎಂಟು ಗಂಟೆ ಚಾರ್ಜು ಮಾಡಿದರೆ 80 ಕಿಲೋಮೀಟರ್ ಓಡುತ್ತಿತ್ತು. 2025ರ ಮಾರ್ಚ್‌ನಲ್ಲಿ ಚೀನಾದ ಬಿವೈಡಿ ಸಂಸ್ಥೆ 1,000 ಕಿಲೋವ್ಯಾಟ್ ಸಾಮರ್ಥ್ಯದ ಚಾರ್ಜರನ್ನು ಪ್ರದರ್ಶಿಸಿ, 400 ಕಿಲೋಮೀಟರ್ ಓಟಕ್ಕೆ ಸಾಲುವಷ್ಟು ವಿದ್ಯುತ್ತನ್ನು ಐದೇ ನಿಮಿಷದಲ್ಲಿ ತುಂಬಬಹುದೆಂದು ಸಾರಿತು. ಕಾಲು ಶತಮಾನದಲ್ಲಿ ಆಗಿರುವ ಈ ಜಿಗಿತ ಸಾಮಾನ್ಯವಾದುದಲ್ಲ. ಆದರೆ ಅದನ್ನು ಮೆಚ್ಚುವ ಭರದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಐದು ನಿಮಿಷದಲ್ಲಿ ಕಾರಿನೊಳಕ್ಕೆ ನುಗ್ಗುವ ಆ ವಿದ್ಯುತ್ತು ಅದಕ್ಕೆ ಮುಂಚೆ ಎಲ್ಲಿ ಕಾದು ಕುಳಿತಿರುತ್ತದೆ?

ಲಿಥಿಯಂ ಬ್ಯಾಟರಿ ಚಾರ್ಜಾಗುವುದೆಂದರೆ ಲಿಥಿಯಂ ಅಯಾನುಗಳು ಒಂದು ವಿದ್ಯುದಗ್ರದಿಂದ ಹೊರಟು, ದ್ರಾವಣವನ್ನು ದಾಟಿ, ಎದುರಿನ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುವುದು. ಸೇರಿಕೊಳ್ಳಲು ಅವುಗಳಿಗೆ ಸಮಯ ಬೇಕು. ಮಿತಿಮೀರಿ ದಬ್ಬಿದರೆ ಅಯಾನುಗಳು ಒಳಸೇರದೆ ಗ್ರಾಫೈಟಿನ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಅದರಿಂದ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ, ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತುವ ಅಪಾಯವೂ ಉಂಟು. ಪ್ರವಾಹ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆಂಬುದು ಶಾಲೆಯಲ್ಲೇ ಕಲಿತ ಪಾಠ. ಬ್ಯಾಟರಿ ಶೇಕಡ 80 ತುಂಬಿದ ಮೇಲೆ ವೇಗದ ಚಾರ್ಜರುಗಳು ತಾವಾಗಿಯೇ ನಿಧಾನಿಸುವುದಕ್ಕೂ ಇಂಥವೇ ಕಾರಣಗಳು.

ಈ ತೊಡಕನ್ನು ಬಿಡಿಸಲು ನಡೆದ ಪ್ರಯತ್ನಗಳ ಕಥೆ ದೊಡ್ಡದು. ಸೂಪರ್ ಕೆಪಾಸಿಟರಿನಲ್ಲಿ ರಾಸಾಯನಿಕ ಕ್ರಿಯೆಯ ಗೊಡವೆಯಿಲ್ಲ. ವಿದ್ಯುದಂಶವು ಮೇಲ್ಮೈಯಲ್ಲೇ ನಿಲ್ಲುವುದರಿಂದ ಕೆಲವೇ ಕ್ಷಣಗಳಲ್ಲಿ ತುಂಬುತ್ತದೆ, ಲಕ್ಷಗಟ್ಟಲೆ ಸಲ ತುಂಬಿ ಬರಿದು ಮಾಡಿದರೂ ಕೆಡುವುದಿಲ್ಲ. ಆದರೆ ಒಂದು ಕಿಲೋಗ್ರಾಂ ತೂಕದಲ್ಲಿ ಲಿಥಿಯಂ ಬ್ಯಾಟರಿ ಹಿಡಿಯುವ ಶಕ್ತಿಯ ಇಪ್ಪತ್ತರಲ್ಲೊಂದು ಭಾಗದಷ್ಟನ್ನೂ ಅದು ಹಿಡಿಯುವುದು ಕಷ್ಟ. 2006ರಲ್ಲಿ ಶಾಂಘೈ ನಗರದಲ್ಲಿ ಓಡತೊಡಗಿದ ಕೆಪಾಸಿಟರ್ ಬಸ್ಸುಗಳು ಈ ಕೊರತೆಯನ್ನೇ ಉಪಾಯವಾಗಿ ಮಾಡಿಕೊಂಡವು. ಜನ ಹತ್ತಿಳಿಯುವಷ್ಟರಲ್ಲಿ ನಿಲ್ದಾಣದ ಮೇಲಿನ ತಂತಿಯಿಂದ ಒಂದಿಷ್ಟು ವಿದ್ಯುತ್ ಪಡೆದು, ಅಷ್ಟರಿಂದ ಮುಂದಿನ ಕೆಲವು ಕಿಲೋಮೀಟರ್ ಸಾಗುವುದು ಅವುಗಳ ಕ್ರಮ. ಅದೇ ದಶಕದಲ್ಲಿ ಟೆಕ್ಸಾಸಿನ ಈಸ್ಟೋರ್ ಎಂಬ ಸಂಸ್ಥೆ ಕೆಪಾಸಿಟರಿನಿಂದಲೇ ಕಾರನ್ನು ದೂರ ಓಡಿಸುವ ಮಾತಾಡಿತು. ಅದರ ಸಾಧನದಿಂದ ಓಡುವ ಕಾರು ಮಾತ್ರ ಪೇಟೆಗೆ ಬರಲೇ ಇಲ್ಲ. 2009ರಲ್ಲಿ ಅಮೆರಿಕದ ಎಂಐಟಿಯ ಕಾಂಗ್ ಮತ್ತು ಸೀಡರ್, ಲಿಥಿಯಂ ಕಬ್ಬಿಣ ಫಾಸ್ಫೇಟಿನ ಕಣಗಳ ಮೇಲ್ಮೈಯನ್ನು ಬದಲಿಸಿದರೆ ಅಯಾನುಗಳು ಕೆಲವೇ ಸೆಕೆಂಡುಗಳಲ್ಲಿ ಓಡಾಡಬಲ್ಲವೆಂದು ತೋರಿಸಿದರು. ದುಬಾರಿ ಕೋಬಾಲ್ಟ್ ಬೇಡದ ಆ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯೇ ಈಗ ಬಹುಪಾಲು ಅಗ್ಗದ ವಿದ್ಯುತ್ ವಾಹನಗಳಲ್ಲಿ ಕೂತಿದೆ.

ಇಷ್ಟು ವಿಜ್ಞಾನದ ಮಾತಾಯಿತು. ಇನ್ನು ಊರಿನ ಲೆಕ್ಕ.

ಒಂದು ಕಾರಿನ ಬ್ಯಾಟರಿ 60 ಯೂನಿಟ್ ಹಿಡಿಯುತ್ತದೆನ್ನೋಣ. ಅಷ್ಟನ್ನು ಐದು ನಿಮಿಷದಲ್ಲಿ ತುಂಬಬೇಕಾದರೆ 720 ಕಿಲೋವ್ಯಾಟ್ ಬೇಕು. ಮಲೆನಾಡಿನ ಹಳ್ಳಿಗಳಲ್ಲಿ ಕಂಬಕ್ಕೆ ಕಟ್ಟಿರುವ ಟಿ.ಸಿ.ಗಳಲ್ಲಿ 25 ಕೆ.ವಿ.ಎ.ಯವು ಸಾಮಾನ್ಯ. ಅಂದರೆ ಒಂದು ಕಾರಿನ ಅವಸರಕ್ಕೆ ಅಂಥ ಸುಮಾರು ಮೂವತ್ತು ಟಿ.ಸಿ.ಗಳು ಒಟ್ಟಾಗಿ ದುಡಿಯಬೇಕು. ಮಳೆಗಾಲದಲ್ಲಿ ಒಂದು ಟಿ.ಸಿ. ಸುಟ್ಟರೆ ಬದಲಿ ಬರಲು ವಾರಗಟ್ಟಲೆ ಕಾಯುವ ಊರುಗಳಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಕಾರು ದಿನಕ್ಕೆ 40 ಕಿಲೋಮೀಟರ್ ಓಡಿ, ಆರೇಳು ಯೂನಿಟ್ ಖರ್ಚು ಮಾಡಿ, ರಾತ್ರಿ ಎಂಟು ಗಂಟೆಗಳ ಕಾಲ ಕೊಟ್ಟಿಗೆಯ ಪಕ್ಕದಲ್ಲಿ ನಿಂತು ಚಾರ್ಜಾದರೆ ಬೇಕಾಗುವುದು ಒಂದು ಕಿಲೋವ್ಯಾಟಿಗಿಂತ ಕಡಿಮೆ. ಅದು ಒಂದು ಇಸ್ತ್ರಿಪೆಟ್ಟಿಗೆಯ ಹೊರೆ. ಕಾರು ಅದೇ, ದಾರಿ ಅದೇ. ಬದಲಾದದ್ದು ಕಾಯುವ ತಾಳ್ಮೆ ಮಾತ್ರ.

ವೇಗದ ಚಾರ್ಜು ಅವಸರವನ್ನು ಅಳಿಸುವುದಿಲ್ಲ. ಅದನ್ನು ಕಾರಿನಿಂದ ವಿದ್ಯುತ್ ಜಾಲಕ್ಕೆ ವರ್ಗಾಯಿಸುತ್ತದೆ. ನಗರದ ಜನರು ಸಂಜೆ ಕೆಲಸ ಮುಗಿಸಿ ಒಟ್ಟಿಗೇ ಚಾರ್ಜಿಗೆ ನಿಂತರೆ, ಸೂರ್ಯನಿಲ್ಲದ ಆ ಹೊತ್ತಿನ ವಿದ್ಯುತ್ತನ್ನು ಮೊದಲೇ ಎಲ್ಲೋ ಕೂಡಿಡಬೇಕಾಗುತ್ತದೆ. ಆ 'ಎಲ್ಲೋ' ಎಂಬುದಕ್ಕೆ ಯೋಜಕರು ಹುಡುಕುವ ಜಾಗಗಳಲ್ಲಿ ಪಶ್ಚಿಮ ಘಟ್ಟದ ಕಣಿವೆಗಳೂ ಸೇರಿವೆ. ಕರ್ನಾಟಕ ವಿದ್ಯುತ್ ನಿಗಮ ಪ್ರಸ್ತಾಪಿಸಿರುವ ಶರಾವತಿ ಭೂಗತ ಯೋಜನೆಯು 2,000 ಮೆಗಾವ್ಯಾಟಿನದು. ಗೇರುಸೊಪ್ಪೆಯ ಜಲಾಶಯದ ನೀರನ್ನು ತಳಕಳಲೆಗೆ ಎತ್ತಿ, ಬೇಡಿಕೆಯ ಹೊತ್ತಿಗೆ ಕೆಳಗಿಳಿಸುವುದು ಅದರ ಉದ್ದೇಶ. ಇಂಥ ಯೋಜನೆಗಳು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ನೂರು ಯೂನಿಟ್ ವ್ಯಯಿಸಿ ನೀರೆತ್ತಿದರೆ ಮರಳಿ ಬರುವುದು ಎಪ್ಪತ್ತೈದೋ ಎಂಬತ್ತೋ. ಯೋಜನೆಯ ಜಾಗ ಸಿಂಗಳೀಕಗಳ ಅಭಯಾರಣ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೆಲ ಕಳೆದುಕೊಂಡವರ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಇತ್ಯರ್ಥವಾಗದ ಕಣಿವೆಯೂ ಅದೇ.

ಕಾರುಗಳಿಗಾಗಿಯೇ ಈ ಯೋಜನೆ ಬಂದಿದೆಯೆಂದು ಹೇಳುವುದು ಸರಿಯಾಗದು. ಬಿಸಿಲು-ಗಾಳಿಯ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳುವ ಅಗತ್ಯ ನಿಜವಾದುದೇ. ಆದರೆ ಸಂಜೆಯ ಹೊರೆ ಏರಿದಷ್ಟೂ ಕಣಿವೆಗಳ ಮೇಲಿನ ಒತ್ತಡವೂ ಏರುತ್ತದೆ. ಅವಸರ ಯಾರದೋ, ಕೂಡಿಡುವ ಹೊಣೆಯೂ ಅವರದೇ ಆಗಬೇಕೆಂಬುದು ನ್ಯಾಯ. ವೇಗದ ಚಾರ್ಜಿಂಗ್ ಕೇಂದ್ರ ತೆರೆಯುವವರು ತಮ್ಮ ಆವರಣದಲ್ಲೇ ಬ್ಯಾಟರಿಗಳನ್ನಿಟ್ಟು, ಹಗಲಿನ ಸೌರ ವಿದ್ಯುತ್ತಿನಿಂದ ಅವನ್ನು ನಿಧಾನವಾಗಿ ತುಂಬಿಸಿಕೊಳ್ಳಲಿ. ಕಾರಿಗೆ ಬೇಡವಾದ ಹಳೆಯ ಬ್ಯಾಟರಿಯೂ ಈ ಕೆಲಸಕ್ಕೆ ಒದಗುತ್ತದೆ, ನೆಲದ ಮೇಲೆ ಕೂತಿರುವ ಬ್ಯಾಟರಿಗೆ ತೂಕದ ಚಿಂತೆಯಿಲ್ಲವಲ್ಲ. ಸಂಜೆಯ ಚಾರ್ಜಿಗೆ ಹೆಚ್ಚು ದರ, ಮಧ್ಯಾಹ್ನದ ಚಾರ್ಜಿಗೆ ಕಡಿಮೆ ದರ ವಿಧಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಇಳಿಯುತ್ತದೆ.

ಹಾಗೆಂದು ವೇಗವಾಗಿ ತುಂಬುವ ಬ್ಯಾಟರಿ ಬೆಟ್ಟದ ಸೀಮೆಗೆ ನಿರುಪಯುಕ್ತವೆಂದು ತಿಳಿಯಬೇಕಾಗಿಲ್ಲ. ಹದಿನೈದು ಟನ್ ತೂಕದ ಬಸ್ಸೊಂದು ಘಟ್ಟದಲ್ಲಿ 500 ಮೀಟರ್ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ ಸುಮಾರು 20 ಯೂನಿಟ್. ಡೀಸೆಲ್ ಬಸ್ಸಿನಲ್ಲಿ ಅದೆಲ್ಲ ಎಂಜಿನ್ನಿನಲ್ಲೂ ಬ್ರೇಕಿನ ಸುಟ್ಟ ವಾಸನೆಯಲ್ಲೂ ಮುಗಿದುಹೋಗುತ್ತದೆ. ವಿದ್ಯುತ್ ಬಸ್ಸಿನ ಮೋಟಾರು ಇಳಿಜಾರಿನಲ್ಲಿ ಜನರೇಟರಿನಂತೆ ತಿರುಗಿ ಅದರ ದೊಡ್ಡ ಪಾಲನ್ನು ಮರಳಿ ಬ್ಯಾಟರಿಗೆ ಕಳಿಸಬಲ್ಲದು. ಅಷ್ಟನ್ನು ಥಟ್ಟನೆ ಸ್ವೀಕರಿಸುವ ಬ್ಯಾಟರಿ ಅಲ್ಲಿ ನಿಜಕ್ಕೂ ಬೇಕು. ಇದಕ್ಕೆ ಹೊಸ ಅಣೆಕಟ್ಟು ಬೇಡ, ಸುರಂಗ ಬೇಡ. ಸಾರಿಗೆ ನಿಗಮಗಳು ಮಲೆನಾಡಿನಿಂದ ಕರಾವಳಿಗೆ ವಿದ್ಯುತ್ ಬಸ್ಸು ಬಿಡುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ಘಟ್ಟದ ಮೇಲಿನ ಡಿಪೋದಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿ ಹೊರಡಿಸಿದರೆ ಇಳಿಜಾರಿನ ಶಕ್ತಿಗೆ ಒಳಗೆ ಜಾಗವೇ ಇರುವುದಿಲ್ಲ. ಪೂರ್ತಿ ತುಂಬಿಸುವ ಚಾರ್ಜರು ಇರಬೇಕಾದದ್ದು ಘಟ್ಟದ ಬುಡದಲ್ಲಿ.