ನೆಲದ ವಿದ್ಯೆ ಕಲಿತ ತರುಣರಿಗೆ ನೆಲೆ ಎಲ್ಲಿ?

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ರಾಣೆಬೆನ್ನೂರು ಬಿತ್ತನೆ ಬೀಜದ ವಹಿವಾಟಿಗೆ ಹೆಸರಾಗಿದೆ. ಹಾವೇರಿಯ ಏಲಕ್ಕಿ ಹಾರವನ್ನು ಅರಿಯದ ಕನ್ನಡಿಗರು ವಿರಳ. ಈ ಮೂರು ಊರುಗಳು ಮತ್ತೊಂದು ಕಾರಣಕ್ಕೂ ಗಮನಾರ್ಹವೆಂಬುದು ಮಾತ್ರ ವಿದ್ವತ್ ಪತ್ರಿಕೆಗಳ ಪುಟಗಳಾಚೆಗೆ ಬಂದಿಲ್ಲ. ಇವುಗಳ ತಳದಲ್ಲಿರುವುದು ಜಗತ್ತಿನ ಭೂವಿಜ್ಞಾನಿಗಳು 'ಧಾರವಾಡ' ಎಂಬ ಹೆಸರಿನಿಂದಲೇ ಗುರುತಿಸುವ, 250 ಕೋಟಿ ವರ್ಷಗಳಿಗೂ ಹಿಂದಿನ ಶಿಲಾಸಮೂಹ. ಅದರೊಳಗಿನ ಗ್ರೇವಾಕೆ ಎಂಬ ಶಿಲೆಯ ಒಂದು ಶ್ರೇಣಿಗೆ ರಾಣೆಬೆನ್ನೂರಿನ ಹೆಸರೇ ನಿಂತಿದೆ. ಹಾವೇರಿ ಸಮೀಪದ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಕುರಿತು ವರ್ಷಗಟ್ಟಲೆ ಅನ್ವೇಷಣೆ ನಡೆದಿದೆ.

ಇಂತಹ ನೆಲದಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದ ಯುವಕ ಅಥವಾ ಯುವತಿ ತನ್ನ ತಾಲ್ಲೂಕಿನ ಬಗ್ಗೆಯೇ ಸಂಶೋಧನೆ ಮಾಡಬಯಸಿದರೆ ಆಸರೆ ಏನಿದೆ? ಕೇಂದ್ರದ ನೆಟ್ ಪರೀಕ್ಷೆಯಲ್ಲಿ ಶಿಷ್ಯವೇತನದ ಅರ್ಹತೆ ಪಡೆದವರ ಪಾಡು ಸಹನೀಯ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಅವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಸಲ್ಲುತ್ತದೆ. ಆ ಅರ್ಹತೆ ದಕ್ಕದವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ ನೀಡುವ 8,000 ರೂಪಾಯಿಯ ನೆರವು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ರಾಜ್ಯದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗೆ ಅದೂ ಇಲ್ಲ. ರಾಜ್ಯ ಸರ್ಕಾರದ ವಿಜ್ಞಾನ ಉತ್ತೇಜನ ಸಂಸ್ಥೆಯ ಶಿಷ್ಯವೇತನಕ್ಕೆ ವಿಜ್ಞಾನ, ಎಂಜಿನಿಯರಿಂಗ್‌ಗಳ ಎಲ್ಲ ಶಾಖೆಗಳ ಅಭ್ಯರ್ಥಿಗಳೂ ಪೈಪೋಟಿ ನಡೆಸಬೇಕು.

ಡಾಕ್ಟರೇಟ್ ಪಡೆದ ನಂತರದ ದಾರಿ ಇನ್ನೂ ಇಕ್ಕಟ್ಟಿನದು. ಡಾಕ್ಟರೇಟೋತ್ತರ ರಾಷ್ಟ್ರೀಯ ಶಿಷ್ಯವೇತನಕ್ಕೆ ವಯೋಮಿತಿ ಅಡ್ಡ ಬರುತ್ತದೆ. ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು 2024ರಲ್ಲಿ ಆರಂಭಿಕ ಹಂತದ ಸಂಶೋಧಕರಿಗೆಂದೇ ಆರಂಭಿಸಿದ ಅನುದಾನಕ್ಕೆ ಕಾಯಂ ಹುದ್ದೆಯಲ್ಲಿರಬೇಕೆಂಬ ಷರತ್ತಿದೆ. ಕಾಯಂ ಹುದ್ದೆಯೇ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ವರ್ಷ ನೂಕುತ್ತಿರುವವರಿಗೆ ಆ ಬಾಗಿಲು ತೆರೆಯದು. ಹೀಗಾಗಿ ಆರು ವರ್ಷ ಕಲ್ಲಿನೊಡನೆ ಬಾಳಿದ ವ್ಯಕ್ತಿ ಬ್ಯಾಂಕಿನ ಪರೀಕ್ಷೆಗೆ ಕೂರುತ್ತಾನೆ. ನಷ್ಟ ಅವನೊಬ್ಬನದಲ್ಲ.

ಈ ನಷ್ಟದ ಅಳತೆ ತಿಳಿಯಬೇಕಾದರೆ ನೀರಿನ ವಿಷಯಕ್ಕೆ ಬರಬೇಕು. ಇಲ್ಲಿನ ಗಟ್ಟಿ ಶಿಲೆಯಲ್ಲಿ ನೀರು ಮರಳಿನಲ್ಲಿ ಹರಡಿದಂತೆ ಹರಡಿರುವುದಿಲ್ಲ. ಶಿಥಿಲಗೊಂಡ ಮೇಲ್ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಆದ್ದರಿಂದಲೇ ಒಂದು ಹೊಲದ ಕೊಳವೆಬಾವಿಯಲ್ಲಿ ಮೂರಿಂಚು ನೀರು ಬಂದರೆ ಬದುವಿನಾಚೆಯ ಹೊಲದಲ್ಲಿ ಬರೀ ಧೂಳು ಏಳುವುದುಂಟು. ಬಿರುಕುಗಳು ಯಾವ ದಿಕ್ಕಿಗೆ ಸಾಗಿವೆ, ಎಷ್ಟು ಆಳದವರೆಗಿವೆ, ಯಾವ ಕೆರೆಯ ನೀರು ಎಲ್ಲಿಗೆ ಇಂಗುತ್ತದೆ ಎಂಬುದನ್ನು ಅರಿಯಲು ಒಂದು ದಿನದ ಭೇಟಿ ಸಾಲದು. ಹಲವು ಮಳೆಗಾಲ, ಹಲವು ಬೇಸಿಗೆಗಳ ಕಾಲ ಅದೇ ಬಾವಿಗಳನ್ನು ಅಳೆಯುತ್ತ, ಅದೇ ಹಳ್ಳಗಳನ್ನು ನಡೆಯುತ್ತ ಇರುವವರು ಬೇಕು. ಅಂತಹ ತಾಳ್ಮೆಯ ಕೆಲಸಕ್ಕೆ ಸಂಶೋಧನಾ ವಿದ್ಯಾರ್ಥಿಗಿಂತ ಯೋಗ್ಯರು ಯಾರು? ವರದಾ, ಧರ್ಮಾ ನದಿಗಳು 2019ರ ಆಗಸ್ಟ್‌ನಲ್ಲಿ ಉಕ್ಕಿದಾಗ ಈ ಜಿಲ್ಲೆಯ ಎಷ್ಟೋ ಊರುಗಳು ಸಂಕಟಕ್ಕೆ ಸಿಲುಕಿದವು. ನೆರೆಯ ಪಾತ್ರವನ್ನು ಊರೂರಿನ ಮಟ್ಟದಲ್ಲಿ ಗುರುತಿಸುವುದೂ ಇದೇ ಬಗೆಯ ಕೆಲಸ.

ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆಯಲ್ಲ, ಅಂತರ್ಜಲ ಕಚೇರಿ ಇದೆಯಲ್ಲ ಎಂದು ಕೇಳಬಹುದು. ಇವೆ. ಆದರೆ ಕಲ್ಲುಗಣಿಯ ಪರವಾನಗಿ, ಮರಳಿನ ತಕರಾರು, ನ್ಯಾಯಾಲಯದ ಕಡತ, ಬರ ಬಂದಾಗ ಕೊಳವೆಬಾವಿಯ ಜಾಗ ತೋರಿಸುವ ತುರ್ತು, ಇವುಗಳ ನಡುವೆ ಇಲಾಖೆಯ ಅಧಿಕಾರಿಗೆ ಅಧ್ಯಯನಕ್ಕೆ ಬಿಡುವೆಲ್ಲಿ? ಬರ ಪರಿಹಾರದ ಸಭೆಗಳಲ್ಲಿ ಹಲವು ವರ್ಷ ಕುಳಿತ ಅನುಭವದಿಂದ ಹೇಳುವುದಾದರೆ, ಅಲ್ಲಿ ಎಷ್ಟು ಕೊಳವೆಬಾವಿ ಕೊರೆದಿರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತಿತ್ತು. ಹಿಂದಿನ ವರ್ಷ ಕೊರೆದವು ಏಕೆ ಬತ್ತಿದವು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿರಲಿಲ್ಲ.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದು ಸರಳ ಸಂಗತಿ. ಅಂತರ್ಜಲದ ನಕ್ಷೆ ಒಮ್ಮೆ ಸಿದ್ಧವಾದರೆ ಒಬ್ಬ ರೈತ ಬಳಸಿದ್ದರಿಂದ ಇನ್ನೊಬ್ಬನಿಗೆ ಕಡಿಮೆಯಾಗದು. ಆದ್ದರಿಂದ ಅದರ ವೆಚ್ಚವನ್ನು ಯಾವ ಒಬ್ಬ ರೈತನೂ ಹೊರುವುದಿಲ್ಲ, ಮಾರುಕಟ್ಟೆಯೂ ಹೊರುವುದಿಲ್ಲ. ಸರ್ಕಾರವೇ ಹೊರಬೇಕಾದ ಹೊರೆ ಇದು. ಹೊರೆ ಎಷ್ಟೆಂದು ಲೆಕ್ಕ ಹಾಕೋಣ. ಮೇಲೆ ಹೇಳಿದ ದರದಲ್ಲಿ ಒಬ್ಬ ಸಂಶೋಧಕರಿಗೆ ಐದು ವರ್ಷಕ್ಕೆ ತಗಲುವುದು 24 ಲಕ್ಷ ರೂಪಾಯಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಿಗೆ ಒಬ್ಬೊಬ್ಬರಂತೆ ಮೂವರಿಗೆ 72 ಲಕ್ಷ. ಮನೆ ಬಾಡಿಗೆ, ಓಡಾಟ, ಶಿಲೆ ಮತ್ತು ನೀರಿನ ಮಾದರಿಗಳ ಪರೀಕ್ಷೆಗೆಂದು 28 ಲಕ್ಷ ಸೇರಿಸಿದರೂ ಒಂದು ಕೋಟಿ. ಅಂದರೆ ವರ್ಷಕ್ಕೆ 20 ಲಕ್ಷ. ಒಂದು ಕೊಳವೆಬಾವಿಗೆ ಒಂದು ಲಕ್ಷವೆಂದು ಹಿಡಿದರೆ, ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಇಪ್ಪತ್ತು ವಿಫಲ ಬಾವಿಗಳನ್ನು ತಪ್ಪಿಸಿದರೆ ಸಾಕು, ಹಾಕಿದ ಹಣ ಮರಳಿ ಬಂದಂತೆ.

ಇದು ಹೊಸ ಕಲ್ಪನೆಯೂ ಅಲ್ಲ. ರಾಬರ್ಟ್ ಬ್ರೂಸ್ ಫೂಟ್ ಈ ಭಾಗವನ್ನು ಸುತ್ತಿ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನ ಕುರಿತ ಗ್ರಂಥವನ್ನು 1876ರಲ್ಲಿ ಹೊರತಂದರು. 'ಧಾರವಾಡ' ಎಂಬ ಹೆಸರನ್ನು ಈ ಶಿಲೆಗಳಿಗೆ ಇಟ್ಟವರೂ ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಆರಂಭಕ್ಕೆ ಕರೆಸಿಕೊಂಡದ್ದೂ ಅವರನ್ನೇ. ಮುಂದೆ ಆ ಇಲಾಖೆಯಲ್ಲಿ ಬಿ. ಜಯರಾಮ್, ಪಿ. ಸಂಪತ್ ಅಯ್ಯಂಗಾರ್ ಮೊದಲಾದವರು ಸಂಬಳ ಪಡೆದು, ಊರೂರು ಸುತ್ತಿ, ಇಲಾಖೆಯ ದಾಖಲೆ ಸಂಪುಟಗಳಲ್ಲಿ ತಮ್ಮ ಹೆಸರಿನಲ್ಲೇ ವರದಿ ಪ್ರಕಟಿಸಿದರು. ಸಂಬಳ, ಕ್ಷೇತ್ರ, ಪ್ರಕಟಣೆ ಮೂರೂ ಒಂದೇ ಕಡೆ ದೊರೆತ ವ್ಯವಸ್ಥೆ ಅದು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹಾವೇರಿ ಸೀಮೆ 1956ರವರೆಗೆ ಅದರ ಫಲದಿಂದ ಹೊರಗೇ ಉಳಿಯಿತು. ನಂತರ ಅದೇ ಇಲಾಖೆಯಿಂದ ಬಂದ ಬಿ.ಪಿ. ರಾಧಾಕೃಷ್ಣ ಅವರು 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪಕರಲ್ಲಿ ಒಬ್ಬರಾಗಿ, ಅದರ ಪತ್ರಿಕೆಯನ್ನು ದಶಕಗಳ ಕಾಲ ಬೆಂಗಳೂರಿನಿಂದ ನಡೆಸಿ ದೇಶದ ಸಂಶೋಧಕರಿಗೆ ವೇದಿಕೆ ಒದಗಿಸಿದರು.

ಇಂದು ಆಗಬೇಕಾದದ್ದು ನಾಲ್ಕು. ಮೊದಲನೆಯದು, ಜಿಲ್ಲಾ ಪಂಚಾಯಿತಿಯ ಬೆಂಬಲದಲ್ಲಿ ತಾಲ್ಲೂಕಿಗೊಬ್ಬ ಭೂವಿಜ್ಞಾನ ಸಂಶೋಧಕರಿಗೆ ಶಿಷ್ಯವೇತನ. ಆಯ್ಕೆ ಮತ್ತು ಮಾರ್ಗದರ್ಶನ ಮಾತ್ರ ವಿಶ್ವವಿದ್ಯಾಲಯದ್ದು. ಎರಡನೆಯದು, ಆ ಹಣ ಪ್ರತಿ ತಿಂಗಳೂ ತಪ್ಪದೆ ಕೈಸೇರಬೇಕು. ವರ್ಷಕ್ಕೊಮ್ಮೆ ಬರುವ ಬಾಕಿ ಹಣದಿಂದ ಬಡ ಮನೆಯ ಮಗಳು ಸಂಶೋಧನೆ ಮುಂದುವರಿಸಲಾರಳು. ಒಬ್ಬಂಟಿಯಾಗಿ ಅಡವಿ, ಗುಡ್ಡ ತಿರುಗಬೇಕಾದ ಅವಳಿಗೆ ವಾಹನ, ಸಹಾಯಕರ ಏರ್ಪಾಡೂ ಬೇಕು. ಮೂರನೆಯದು, ಇಲಾಖೆಗಳಲ್ಲಿರುವ ಬಾವಿಮಟ್ಟ, ಕೊರೆತದ ವಿವರ, ಮಳೆ ಮಾಪನಗಳನ್ನು ಕೇಳಿದ ಸಂಶೋಧಕರಿಗೆ ಅಲೆದಾಡಿಸದೆ ಕೊಡಬೇಕು. ನಾಲ್ಕನೆಯದು, ಪ್ರತಿ ಅಧ್ಯಯನದ ಸಾರವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಲುಪಿಸುವುದು ಶಿಷ್ಯವೇತನದ ಷರತ್ತಾಗಬೇಕು. ಸಾರ್ವಜನಿಕರ ಹಣ ಪಡೆದವರು ಸಾರ್ವಜನಿಕರಿಗೆ ಅರ್ಥವಾಗುವಂತೆ ಹೇಳಬೇಕಾದದ್ದು ನ್ಯಾಯ.

ಹಾವೇರಿಗೆ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಮುಚ್ಚಬಹುದಾದ ಹೊಸ ವಿಶ್ವವಿದ್ಯಾಲಯಗಳನ್ನು ಹೆಸರಿಸಿದಾಗ ಅದರಲ್ಲಿ ಹಾವೇರಿಯೂ ಇತ್ತು. ಹಣವಿಲ್ಲದೆ ಫಲಕ ತೂಗುಹಾಕುವ ಪದ್ಧತಿಯ ಪರಿಣಾಮ ಇದು. ಕಟ್ಟಡಗಳ ಬಗ್ಗೆ ಏನೇ ತೀರ್ಮಾನವಾಗಲಿ, ಸಂಶೋಧಕರ ಬಗೆಗಿನ ತೀರ್ಮಾನ ಅದಕ್ಕಾಗಿ ಕಾಯಬೇಕಿಲ್ಲ. ಮೂರು ತಾಲ್ಲೂಕು, ಮೂವರು ತರುಣರು, ಐದು ವರ್ಷ. ಮುಂದಿನ ಆಯವ್ಯಯದಲ್ಲಿ ಇಷ್ಟಕ್ಕೆ ಒಂದು ಸಾಲು ಮೀಸಲಿಡುವಂತೆ ಜಿಲ್ಲೆಯ ಶಾಸಕರು ಒತ್ತಾಯಿಸಲಿ. ಪ್ರಯೋಗ ಫಲಿಸಿದರೆ ಗದಗ, ಕೊಪ್ಪಳದಂತಹ ಒಣ ಜಿಲ್ಲೆಗಳೂ ಅದನ್ನು ಅನುಸರಿಸಬಹುದು.