ಫೆರಿಯಲ್ಲಿ ಕಲಿತ ಪಾಠ

ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ನಮ್ಮ ಶಾಲೆಗೆ ನನ್ನದೊಂದು ಬಿನ್ನಹವಿದೆ. ಪ್ರತಿವರ್ಷವೂ ಮಕ್ಕಳನ್ನು ಹಳೆ ಗೋವೆಯಿಂದ ದಿವಾಡಿ ದ್ವೀಪಕ್ಕೆ ಫೆರಿಯಲ್ಲಿ ಕರೆದೊಯ್ಯಬೇಕು.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಮ್ಮೆ ಹಾಗೆ ಕರೆದೊಯ್ದಿದ್ದೆ. ದಡದ ಸಮೀಪದ ವೈಸರಾಯರ ಕಮಾನನ್ನು ತೋರಿಸಿ, ಆಲ್ಬುಕರ್ಕನು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಈ ಬಂದರನ್ನು ಗೆದ್ದುಕೊಂಡ ಕಥೆಯನ್ನು ಹೇಳಿದೆ. ಫೆರಿ ದಡ ಬಿಟ್ಟಾಗ ಗೌಂಡಿಯೊಬ್ಬರ ಮಗ ಕೇಳಿದ: “ಸರ್, ನಮ್ಮೂರೂ ಬಿಜಾಪುರನ ಅಲ್ರಿ? ಮತ್ತ ನಮಗ ಹೊರಗಿನವ್ರು ಅಂತಾರಲ್ರಿ?”

ನಾನು ನೀರಿನತ್ತ ಕೈತೋರಿದೆ. ಈ ಮಾಂಡವಿಯು ಖಾನಾಪುರ ತಾಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದವಳು. ದಿವಾಡಿಯಲ್ಲಿ ನೆಲೆಸಿದ್ದ ಸಪ್ತಕೋಟೇಶ್ವರನು ಕನ್ನಡದಲ್ಲಿಯೂ ಶಾಸನ ಬರೆಯಿಸಿದ ಗೋವೆಯ ಕದಂಬರ ಕುಲದೈವ. ಪೋರ್ಚುಗೀಸರು ಆ ಗುಡಿಯನ್ನು ಕೆಡವಿದ ಮೇಲೆ ದೇವರು ಎದುರುದಂಡೆಯ ನಾರ್ವೆಯನ್ನು ಸೇರಿದನು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರಗೊಳಿಸಿದರು. ಇಷ್ಟನ್ನು ಹೆಮ್ಮೆಯಿಂದ ಹೇಳಿದೆ. ಬಾಲಕನು ಸುಮ್ಮನಾದನು, ಸಮಾಧಾನಗೊಂಡಂತೆ ಕಾಣಲಿಲ್ಲ.

ಅವನ ಮೌನವೇ ಸರಿಯಾಗಿತ್ತೆಂದು ಈಗ ಅನ್ನಿಸುತ್ತದೆ. ಅರಸರ ಹೆಸರು ಹೇಳಿ ನೆಲದ ಹಕ್ಕು ಕೇಳುವುದು ನಮಗೆ ಶೋಭಿಸದು. ಅಂದು ಅದೇ ಫೆರಿಯಲ್ಲಿ ಮೀನು ಮಾರುವ ತಾಯಿ, ಕಚೇರಿಯ ನೌಕರ, ನಮ್ಮ ಕೂಲಿಯವರು, ಎಲ್ಲರೂ ಒಂದೇ ಕಂಬಿ ಹಿಡಿದು ನಿಂತಿದ್ದರು. ಉತ್ತರ ಅಲ್ಲಿತ್ತು, ನಾನು ಕಮಾನನ್ನೇ ನೋಡುತ್ತಿದ್ದೆ. ಕನ್ನಡವನ್ನು ಮರೆಯದೆ, ಕೊಂಕಣಿಯನ್ನು ಕಲಿತು, ನೆರೆಯವರ ಸುಖದುಃಖಗಳಲ್ಲಿ ಪಾಲುಗೊಳ್ಳುವವನು ಬಹುಕಾಲ ಹೊರಗಿನವನಾಗಿ ಉಳಿಯಲಾರನು.

ಆ ಬಾಲಕನಿಗೆ ನಾನು ಹೇಳಲಾಗದೆಹೋದ ಮಾತನ್ನು ಇಂದಿನ ಗುರುಗಳು ಮಕ್ಕಳಿಗೆ ಹೇಳಲಿ. ಫೆರಿ ಈಗಲೂ ಹೊರಡುತ್ತಿದೆ.